ಹಳೆಯ ರೂಟರಿನಿಂದ ಮನೆಯ ನಿಸ್ತಂತು ಜಾಲವನ್ನು ವಿಸ್ತರಿಸುವ ಕ್ರಮ

ತುಂಗಭದ್ರಾ ಎಡದಂಡೆ ಕಾಲುವೆಯ ಆಶ್ರಯದಲ್ಲಿರುವ ಕಾರಟಗಿ ಪ್ರಾಂತದ ರೈತರಿಗೆ ಒಂದು ಸಂಗತಿಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಜಲಾಶಯವು ತುಂಬಿದ ಮಾತ್ರಕ್ಕೆ ಪ್ರತಿಯೊಬ್ಬನ ಗದ್ದೆಗೂ ನೀರು ಮುಟ್ಟಿದಂತಾಗಲಿಲ್ಲ. ಕಾಲುವೆಯ ತಲೆಯಲ್ಲಿರುವವನಿಗೆ ನೀರು ಧಾರಾಳವಾಗಿದ್ದು, ಕೊನೆಯಂಚಿನಲ್ಲಿರುವವನು ಮುಗಿಲು ನೋಡುವ ಸ್ಥಿತಿಯುಂಟಾಗುವುದು. ಮನೆಗೆ ಬರುವ ಅಂತರಜಾಲದ ವಿಷಯದಲ್ಲಿಯೂ ಹೀಗೆಯೇ ಆಗುತ್ತದೆ. ಬೀದಿಯ ಕಡೆಯ ಪಡಸಾಲೆಯಲ್ಲಿ ರೂಟರ್ ಎಂಬ ಪೆಟ್ಟಿಗೆಯನ್ನಿಟ್ಟಿರುತ್ತಾರೆ. ಅಲ್ಲಿ ಕುಳಿತವರ ಫೋನಿಗೆ ಸಂಪರ್ಕವು ಚೆನ್ನಾಗಿ ದೊರೆಯುವುದು. ನಡುಮನೆಯನ್ನು ದಾಟಿ ಅಡುಗೆಮನೆಗೆ ಹೋದರೆ ಅರ್ಧಕ್ಕಿಳಿಯುವುದು. ಹಿತ್ತಲಿನ ಆಚೆಗಿರುವ ಭತ್ತದ ಗೋದಾಮಿನಲ್ಲಿ ಏನೂ ಉಳಿಯುವುದಿಲ್ಲ.

ಈ ಕೊರತೆಯನ್ನು ನೀಗಲು ಹಲವರು ಹೊಸ ಯಂತ್ರವನ್ನು ಕೊಳ್ಳುತ್ತಾರೆ, ಇಲ್ಲವೆ ಹೆಚ್ಚು ವೇಗದ ಚಂದಾಕ್ಕೆ ಹಣ ಕಟ್ಟುತ್ತಾರೆ. ಚಂದಾವನ್ನು ಹೆಚ್ಚಿಸುವುದರಿಂದ ಪ್ರಯೋಜನವಿಲ್ಲ. ಜಲಾಶಯದಲ್ಲಿ ನೀರು ಹೆಚ್ಚಿಸಿದರೆ ಹೂಳು ತುಂಬಿದ ಹೊಲಗಾಲುವೆಯು ಸರಿಹೋಗುವುದುಂಟೆ? ಅದೇ ಮನೆಯ ಕಪಾಟಿನಲ್ಲಿ ಹಳೆಯ ರೂಟರೊಂದು ಧೂಳು ಹಿಡಿದು ಬಿದ್ದಿರುವುದು ಅಪರೂಪವಲ್ಲ. ಭಾರತ ಸಂಚಾರ ನಿಗಮದವರು 2005ನೆಯ ಇಸವಿಯ ಜನವರಿಯಲ್ಲಿ ದೂರವಾಣಿಯ ತಾಮ್ರದ ತಂತಿಯ ಮೂಲಕ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿದರು. ಮುಂದೆ ಗಾಜಿನ ಎಳೆಯ ಕೇಬಲ್ ಬಂದಂತೆಲ್ಲ ಆ ಕಾಲದ ಪೆಟ್ಟಿಗೆಗಳು ಮೂಲೆ ಸೇರಿದವು. ಅಂಥ ಪೆಟ್ಟಿಗೆಯಿಂದಲೇ ಮನೆಯ ಹಿಂಭಾಗಕ್ಕೆ ಸಂಪರ್ಕವನ್ನು ಒಯ್ಯುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ರೈತನಿಗೆ ಇದರ ಅವಶ್ಯಕತೆ

ಅಂತರಜಾಲವು ಈಗ ವಿನೋದದ ವಸ್ತುವಾಗಿ ಮಾತ್ರ ಉಳಿದಿಲ್ಲ. ಪಹಣಿಯನ್ನು ‘ಭೂಮಿ’ ತಾಣದಲ್ಲಿ ನೋಡಬೇಕು. ಮಾರುಕಟ್ಟೆಯ ಧಾರಣೆಯನ್ನು ‘ಕೃಷಿ ಮಾರಾಟ ವಾಹಿನಿ’ಯಲ್ಲಿ ತಿಳಿಯಬಹುದು. ಬೆಳೆ ವಿಮೆಯ ಅರ್ಜಿಯ ಗತಿಯನ್ನು ‘ಸಂರಕ್ಷಣೆ’ ತಾಣದಲ್ಲಿ ವಿಚಾರಿಸಬೇಕು. ಸರ್ಕಾರದ ಸಹಾಯಧನಕ್ಕೆ ‘ಫ್ರೂಟ್ಸ್’ ಗುರುತಿನ ಸಂಖ್ಯೆಯು ಬೇಕು. ಜಮೀನಿನಲ್ಲಿ ತೆಗೆದ ಬೆಳೆ ಸಮೀಕ್ಷೆಯ ಚಿತ್ರಗಳನ್ನು ಮನೆಗೆ ಬಂದು ಕಳುಹಿಸುವವರೂ ಉಂಟು.

2024ನೆಯ ಇಸವಿ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಣಿಯು ತುಂಡಾಗಿ ಗೇಟು ಕೊಚ್ಚಿಹೋದುದನ್ನು ಈ ಭಾಗದವರು ಮರೆತಿರಲಾರರು. ದುರಸ್ತಿಗಾಗಿ ಸಂಗ್ರಹದ ನೀರನ್ನು ನದಿಗೆ ಬಿಡಬೇಕಾಯಿತು. ಕಾಲುವೆಗೆ ನೀರು ಎಂದಿನವರೆಗೆ ಬರುವುದು, ಎರಡನೆಯ ಬೆಳೆಗೆ ನೀರು ಉಂಟೋ ಇಲ್ಲವೋ ಎಂಬ ಸುದ್ದಿಯನ್ನು ಅವಲಂಬಿಸಿ ಸಸಿಮಡಿ ಹಾಕುವ ನಿರ್ಧಾರವಾಗುವ ಪ್ರಾಂತವಿದು. ಸುದ್ದಿಯು ಒಂದು ದಿನ ತಡವಾದರೆ ಬೀಜವೂ ಕೂಲಿಯೂ ವ್ಯರ್ಥ. ಭತ್ತವನ್ನು ತೂಗುವ ಸ್ಥಳದಲ್ಲಿಯೇ ಅಂದಿನ ಧಾರಣೆಯು ಕಣ್ಣಿಗೆ ಕಾಣುವಂತಿದ್ದರೆ, ವ್ಯಾಪಾರಿಯು ಹೇಳಿದ ಬೆಲೆಗೆ ಕೂಡಲೇ ಒಪ್ಪಬೇಕಾದ ನಿರ್ಬಂಧವಿರುವುದಿಲ್ಲ. ಆದಕಾರಣ ಸಂಪರ್ಕವು ಪಡಸಾಲೆಯಲ್ಲಿದ್ದರೆ ಸಾಲದು. ಕೆಲಸ ನಡೆಯುವ ಸ್ಥಳಕ್ಕೆ ಅದು ಮುಟ್ಟಬೇಕು.

ಸಂಕೇತವು ಕ್ಷೀಣಿಸುವುದಕ್ಕೆ ಕಾರಣಗಳು

ರೂಟರ್ ಕಳುಹಿಸುವುದು ರೇಡಿಯೋ ಅಲೆಗಳನ್ನು. ಈ ವಿಧದ ಜಾಲದ ಮೊದಲ ಕಟ್ಟಳೆಯು 1997ರಲ್ಲಿ ಪ್ರಕಟವಾಯಿತು. ಇದರಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಪಟ್ಟಿಗಳು ಎರಡು: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದರ ಅಲೆಯ ಉದ್ದವು ಸುಮಾರು 12.5 ಸೆಂಟಿಮೀಟರು, ಎರಡನೆಯದರದು ಸುಮಾರು 6 ಸೆಂಟಿಮೀಟರು. ಮೊದಲನೆಯದು ಗೋಡೆಗಳನ್ನು ತಕ್ಕಮಟ್ಟಿಗೆ ದಾಟಿ ದೂರ ಹೋಗುವುದು. ಎರಡನೆಯದು ವೇಗವುಳ್ಳದ್ದಾದರೂ ಗೋಡೆಗೆ ಬೇಗ ಸೋಲುವುದು. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಿಂದ ಲೈಸೆನ್ಸಿಲ್ಲದೆ ಬಳಸಲು ಅನುಮತಿಯುಂಟು.

ಈ ಅಲೆಗಳಿಗೆ ನಮ್ಮ ಮನೆಗಳಲ್ಲಿ ಮೂರು ಬಗೆಯ ಅಡ್ಡಿಗಳಿರುತ್ತವೆ. ಮೊದಲನೆಯದು ಕಲ್ಲುಮಣ್ಣಿನ ದಪ್ಪ ಗೋಡೆ. ಹಳೆಯ ಮಾಳಿಗೆ ಮನೆಗಳು ಬೇಸಗೆಯಲ್ಲಿ ತಂಪಾಗಿರುವುದಕ್ಕೆ ಕಾರಣವಾದ ಆ ದಪ್ಪವೇ ಅಲೆಗಳನ್ನು ನುಂಗುವುದು. ಎರಡನೆಯದು ಲೋಹ. ಗೋದಾಮಿನ ತಗಡಿನ ಗೋಡೆ, ಶಟರು, ಕಬ್ಬಿಣದ ಕಪಾಟು ಮುಂತಾದವುಗಳಿಗೆ ತಾಗಿದ ಅಲೆಗಳು ಹಿಂದಕ್ಕೆ ತಿರುಗುವುವು. ತಗಡಿನ ಗೋದಾಮಿನೊಳಕ್ಕೆ ಹೊರಗಿನಿಂದ ಸಂಕೇತವನ್ನು ತೂರಿಸುವುದು ಬಹು ಕಷ್ಟ.

ಮೂರನೆಯದು ನೀರು. ಇದನ್ನು ಗಮನಿಸುವವರು ಕಡಿಮೆ. ನೀರು ಈ ಅಲೆಗಳನ್ನು ಹೀರಿಕೊಳ್ಳುವುದು. ಇದೇ ಗುಣವನ್ನಾಶ್ರಯಿಸಿ ಧಾನ್ಯದ ತೇವವನ್ನಳೆಯುವ ಒಂದು ಜಾತಿಯ ಯಂತ್ರಗಳೂ ಉಂಟು. ಯಂತ್ರದಿಂದ ಕೊಯ್ದು ತಂದ ಹಸಿ ಭತ್ತದಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ತೇವವಿರುವುದುಂಟು. ಶೇಖರಿಸಿಡುವ ಭತ್ತದಲ್ಲಿ 14ಕ್ಕೆ ಮೀರಕೂಡದು. ಖಾಲಿ ಗೋದಾಮಿನಲ್ಲಿ ಸರಾಗವಾಗಿದ್ದ ಸಂಪರ್ಕವು ಸುಗ್ಗಿಯಲ್ಲಿ ಹಸಿ ಭತ್ತದ ಚೀಲಗಳನ್ನು ಒಟ್ಟಿದೊಡನೆ ಕುಂದುವುದಕ್ಕೆ ಇದೇ ಕಾರಣ. ಯಂತ್ರವು ಕೆಟ್ಟಿತೆಂದು ಭಾವಿಸಿ ಬಿಚ್ಚಲು ಹೋಗಕೂಡದು. ಪೆಟ್ಟಿಗೆಯನ್ನು ಚೀಲಗಳ ರಾಶಿಗಿಂತ ಎತ್ತರದಲ್ಲಿ ಕಟ್ಟಿದರೆ ಈ ತೊಂದರೆಯು ಬಹುಮಟ್ಟಿಗೆ ನಿವಾರಣೆಯಾಗುವುದು.

ಎರಡು ಮಾರ್ಗಗಳು

ಹಳೆಯ ರೂಟರನ್ನು ಎರಡು ವಿಧವಾಗಿ ಉಪಯೋಗಿಸಬಹುದು.

ಒಂದನೆಯದು, ಹೊಸ ರೂಟರಿನಿಂದ ಹಳೆಯದಕ್ಕೆ ತಂತಿಯನ್ನೆಳೆದು, ಹಳೆಯದರಿಂದ ಮತ್ತೆ ನಿಸ್ತಂತು ಸಂಕೇತವನ್ನು ಹೊರಡಿಸುವುದು. ಇದು ಕಾಲುವೆಯ ತಲೆಯಿಂದ ಕೊನೆಯಂಚಿನವರೆಗೆ ಪೈಪು ಹಾಕಿ ನೀರನ್ನೊಯ್ದಂತೆ. ದಾರಿಯಲ್ಲಿ ಸೋರಿಕೆಯಿಲ್ಲ.

ಎರಡನೆಯದು, ತಂತಿಯಿಲ್ಲದೆ, ಹೊಸ ರೂಟರಿನ ಸಂಕೇತವನ್ನೇ ಹಳೆಯದು ಹಿಡಿದು ಮರಳಿ ಬಿತ್ತರಿಸುವುದು. ಇದಕ್ಕೆ ರಿಪೀಟರ್ ಕ್ರಮವೆಂದು ಹೆಸರು. ಒಂದೇ ರೇಡಿಯೋ ಕೇಳುವ ಕೆಲಸವನ್ನೂ ಹೇಳುವ ಕೆಲಸವನ್ನೂ ಸರದಿಯ ಮೇಲೆ ಮಾಡಬೇಕಾಗುವುದರಿಂದ ವೇಗವು ಸುಮಾರು ಅರ್ಧಕ್ಕಿಳಿಯುವುದು. ಅಲ್ಲದೆ ಎಲ್ಲ ಹಳೆಯ ಪೆಟ್ಟಿಗೆಗಳಲ್ಲಿ ಈ ಅನುಕೂಲವಿರುವುದಿಲ್ಲ. ತಂತಿಯೆಳೆಯಲು ಸಾಧ್ಯವೇ ಇಲ್ಲದಿದ್ದಲ್ಲಿ ಮಾತ್ರ ಇದನ್ನು ಅನುಸರಿಸತಕ್ಕದ್ದು. ಆಗಲೂ ಸಂಪರ್ಕ ಸಿಗದ ಜಾಗದಲ್ಲಿ ಪೆಟ್ಟಿಗೆಯನ್ನಿಡುವುದು ತಪ್ಪು. ತನಗೇ ನೀರಿಲ್ಲದ ಬಾವಿಯಿಂದ ಗದ್ದೆಗೆ ನೀರು ಹಾಯಿಸುವುದು ಹೇಗೆ? ಸಂಕೇತವು ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಅದನ್ನಿಡಬೇಕು.

ಮೊದಲನೆಯ ಮಾರ್ಗವೇ ಉತ್ತಮವಾದುದರಿಂದ ಅದನ್ನೇ ಮುಂದೆ ವಿಸ್ತಾರವಾಗಿ ಹೇಳಿದೆ.

ಬೇಕಾಗುವ ಸಾಮಗ್ರಿಗಳು

1. ಹಳೆಯ ರೂಟರ್. ಅದು ಕಂಪನಿಯವರಿಗೆ ಹಿಂದಿರುಗಿಸಬೇಕಾದುದಾಗಿರಬಾರದು. ದೂರವಾಣಿ ತಂತಿಯ ಕಾಲದ ಮೋಡೆಮ್ ಆದರೂ ನಡೆಯುವುದು. ಅದರ ದೂರವಾಣಿ ಕಿಂಡಿಯು ಈಗ ನಿರುಪಯೋಗಿಯಾದರೂ, ‘ಲ್ಯಾನ್’ ಎಂದು ಬರೆದ ಕಿಂಡಿಗಳೂ ರೇಡಿಯೋ ಭಾಗವೂ ಸರಿಯಾಗಿದ್ದರೆ ಸಾಕು.

2. ಅದರದೇ ಅಡಾಪ್ಟರ್. ಅದು ಕಳೆದುಹೋಗಿದ್ದರೆ ಪೆಟ್ಟಿಗೆಯ ತಳದಲ್ಲಿ ಬರೆದಿರುವ ವೋಲ್ಟನ್ನು ಓದಿ, ಅದೇ ವೋಲ್ಟಿನದನ್ನೇ ತರಬೇಕು. ಆಂಪಿಯರು ಬರೆದುದಕ್ಕಿಂತ ಹೆಚ್ಚಿದ್ದರೆ ಬಾಧಕವಿಲ್ಲ; ಕಡಿಮೆಯಿರಬಾರದು. ಧನ ಋಣಗಳ ಗುರುತೂ ಹೊಂದಬೇಕು. 9 ವೋಲ್ಟಿನ ಪೆಟ್ಟಿಗೆಗೆ 12 ವೋಲ್ಟು ಕೊಟ್ಟು ಸುಟ್ಟುಕೊಂಡವರುಂಟು.

3. ತಕ್ಕಷ್ಟು ಉದ್ದದ ನೆಟ್‌ವರ್ಕ್ ಕೇಬಲ್. ಇದರಲ್ಲಿ ನಾಲ್ಕು ಜೊತೆಯಾಗಿ ಹೊಸೆದ ಎಂಟು ತಂತಿಗಳಿರುತ್ತವೆ. ‘ಕ್ಯಾಟ್ 5ಇ’ ಅಥವಾ ‘ಕ್ಯಾಟ್ 6’ ಎಂದು ಮೇಲೆ ಮುದ್ರಿಸಿರಬೇಕು. ತಾಮ್ರದ ತಂತಿಯನ್ನೇ ಕೇಳಿ ಕೊಳ್ಳಬೇಕು. ತಾಮ್ರದ ಲೇಪವುಳ್ಳ ಅಲ್ಯೂಮಿನಿಯಂ ತಂತಿಯು ಅಗ್ಗವಾದರೂ ಬೇಗ ಮುರಿಯುವುದು. ಒಂದು ಎಳೆಯು 100 ಮೀಟರು, ಎಂದರೆ ಸುಮಾರು 328 ಅಡಿಗಳನ್ನು ಮೀರಕೂಡದು.

4. ತಂತಿಯನ್ನು ತೂರಿಸಲು ಪಿವಿಸಿ ಪೈಪು. ಭತ್ತವಿರುವಲ್ಲಿ ಇಲಿಯಿರುವುದು ಸಹಜ. ಬರಿಯ ಕೇಬಲನ್ನು ಅವು ಉಳಿಸುವುದಿಲ್ಲ.

ಅನುಸರಿಸಬೇಕಾದ ವಿಧಾನ

ಮುಂದಿನ ಕೆಲಸಗಳನ್ನು ಹೇಳಿದ ಅನುಕ್ರಮದಲ್ಲಿಯೇ ಮಾಡತಕ್ಕದ್ದು. ಇವೆಲ್ಲ ಮುಗಿಯುವವರೆಗೆ ಹಳೆಯ ಪೆಟ್ಟಿಗೆಯನ್ನು ಹೊಸದರೊಡನೆ ಜೋಡಿಸಬಾರದು.

ಮೊದಲು, ಹಳೆಯ ಪೆಟ್ಟಿಗೆಗೆ ವಿದ್ಯುತ್ತನ್ನು ಕೊಟ್ಟು, ಹಿಂಬದಿಯ ಸಣ್ಣ ರಂಧ್ರದೊಳಗಿರುವ ಗುಂಡಿಯನ್ನು ಕಡ್ಡಿಯಿಂದ ಸುಮಾರು 10 ಸೆಕೆಂಡುಗಳ ಕಾಲ ಒತ್ತಿ ಹಿಡಿಯಬೇಕು. ಇದರಿಂದ ಹಿಂದಿನ ಏರ್ಪಾಡುಗಳೆಲ್ಲ ಅಳಿದು, ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಅದು ಮರಳುವುದು.

ಎರಡನೆಯದಾಗಿ, ಕಂಪ್ಯೂಟರನ್ನು ಅದರ ಲ್ಯಾನ್ ಕಿಂಡಿಗೆ ತಂತಿಯಿಂದ ಜೋಡಿಸಿ, ಬ್ರೌಸರಿನಲ್ಲಿ ಪೆಟ್ಟಿಗೆಯ ತಳದ ಚೀಟಿಯಲ್ಲಿರುವ ವಿಳಾಸವನ್ನು ಬರೆಯಬೇಕು. ಅದು ಬಹುಶಃ 192.168.1.1 ಎಂದಿರುವುದು. ಕಂಪ್ಯೂಟರಿಲ್ಲದವರು ಆ ಪೆಟ್ಟಿಗೆಯ ವೈಫೈಗೆ ಫೋನನ್ನು ಸೇರಿಸಿಯೂ ಈ ಕೆಲಸ ಮಾಡಬಹುದು. ಚೀಟಿಯಲ್ಲಿರುವ ಹೆಸರನ್ನೂ ಪಾಸ್‌ವರ್ಡನ್ನೂ ಕೊಟ್ಟು ಒಳಹೊಕ್ಕು, ಮೊತ್ತಮೊದಲು ಈ ಒಳಹೊಗುವ ಪಾಸ್‌ವರ್ಡನ್ನು ಬದಲಾಯಿಸಬೇಕು.

ಮೂರನೆಯದಾಗಿ, ನಿಸ್ತಂತು ವಿಭಾಗಕ್ಕೆ ಹೋಗಿ ಜಾಲದ ಹೆಸರನ್ನೂ ಪಾಸ್‌ವರ್ಡನ್ನೂ ಹೊಸ ರೂಟರಿನಲ್ಲಿರುವಂತೆಯೇ ಅಕ್ಷರಶಃ ಬರೆಯಬೇಕು. ಹೀಗೆ ಮಾಡಿದರೆ ಮನೆಯಲ್ಲಿ ಓಡಾಡುವಾಗ ಫೋನು ತಾನಾಗಿಯೇ ಒಂದರಿಂದ ಇನ್ನೊಂದಕ್ಕೆ ಸೇರಿಕೊಳ್ಳುವುದು. ರಕ್ಷಣೆಯ ಕ್ರಮದಲ್ಲಿ ‘ಡಬ್ಲ್ಯುಪಿಎ2’ ಎಂಬುದನ್ನು ಆರಿಸಬೇಕು. ಚಾನೆಲ್ ಮಾತ್ರ ಬೇರೆಯಾಗಿರಬೇಕು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ 1, 6, 11 ಈ ಮೂರು ಚಾನೆಲುಗಳು ಒಂದರ ಮೇಲೊಂದು ಬೀಳುವುದಿಲ್ಲ. ಹೊಸದು 1ರಲ್ಲಿದ್ದರೆ ಹಳೆಯದನ್ನು 6ಕ್ಕಾಗಲಿ 11ಕ್ಕಾಗಲಿ ಇಡತಕ್ಕದ್ದು.

ನಾಲ್ಕನೆಯದಾಗಿ, ಹಳೆಯ ಪೆಟ್ಟಿಗೆಯ ಸ್ವಂತ ವಿಳಾಸವನ್ನು ಬದಲಾಯಿಸಬೇಕು. ಒಂದೇ ಜಾಲದಲ್ಲಿ ಎರಡು ಪೆಟ್ಟಿಗೆಗಳಿಗೆ ಒಂದೇ ವಿಳಾಸವಿರುವುದು ಒಂದೇ ಸರ್ವೆ ನಂಬರಿಗೆ ಎರಡು ಜಮೀನುಗಳಿದ್ದಂತೆ. ಹೊಸದರ ವಿಳಾಸವು 192.168.1.1 ಆಗಿದ್ದರೆ ಹಳೆಯದಕ್ಕೆ 192.168.1.2 ಎಂದು ಕೊಡಬಹುದು. ಹೊಸ ರೂಟರ್ ಫೋನುಗಳಿಗೆ ಹಂಚಲು ಮೀಸಲಿಟ್ಟ ಸಂಖ್ಯೆಗಳಲ್ಲಿ ಇದು ಸೇರಿರಬಾರದು. ಈ ಬದಲಾವಣೆಯಾದ ಬಳಿಕ ಹೊಸ ವಿಳಾಸವನ್ನೇ ಬರೆದು ಮತ್ತೆ ಒಳಹೊಗಬೇಕು.

ಐದನೆಯದಾಗಿ, ‘ಡಿಎಚ್‌ಸಿಪಿ’ ಎಂಬುದನ್ನು ಹಳೆಯ ಪೆಟ್ಟಿಗೆಯಲ್ಲಿ ನಿಲ್ಲಿಸಬೇಕು. ಇಡೀ ಕಾರ್ಯದಲ್ಲಿ ಅತಿ ಮುಖ್ಯವಾದುದೂ, ಜನರು ಹೆಚ್ಚಾಗಿ ಮರೆಯುವುದೂ ಇದೇ. ಜಾಲಕ್ಕೆ ಬಂದ ಪ್ರತಿಯೊಂದು ಫೋನಿಗೂ ಒಂದು ಸಂಖ್ಯೆಯನ್ನು ಹಂಚಿಕೊಟ್ಟು ಹೊರಹೋಗುವ ದಾರಿಯನ್ನು ತೋರಿಸುವುದೇ ಡಿಎಚ್‌ಸಿಪಿಯ ಕೆಲಸ. ಒಂದೇ ಕಾಲುವೆಗೆ ಇಬ್ಬರು ನೀರಗಂಟಿಗಳಿದ್ದು, ಒಬ್ಬರನ್ನೊಬ್ಬರು ಕೇಳದೆ ಸರದಿ ಹೇಳುತ್ತ ಹೋದರೆ ಆಗುವ ಗೊಂದಲವನ್ನು ರೈತರು ಬಲ್ಲರು. ಇಲ್ಲಿಯೂ ಹಾಗೆಯೇ. ಹಳೆಯ ಪೆಟ್ಟಿಗೆಯಿಂದ ಸಂಖ್ಯೆ ಪಡೆದ ಫೋನಿಗೆ ಅದು ತನ್ನನ್ನೇ ಹೊರದಾರಿಯೆಂದು ತೋರಿಸುವುದು. ಅಲ್ಲಿಂದ ಮುಂದಕ್ಕೆ ದಾರಿಯಿಲ್ಲ. ಫೋನಿನಲ್ಲಿ ವೈಫೈ ಗುರುತು ತುಂಬಿ ಕಾಣುತ್ತಿದ್ದರೂ ಒಂದು ಪುಟವೂ ತೆರೆಯದಿರುವುದಕ್ಕೆ ಬಹುಪಾಲು ಇದೇ ಕಾರಣ. ನೀರಗಂಟಿಯ ಕೆಲಸವನ್ನು ಹೊಸ ರೂಟರಿಗೊಂದಕ್ಕೇ ಬಿಡತಕ್ಕದ್ದು.

ಆರನೆಯದಾಗಿ, ಈಗ ಹೊಸ ರೂಟರಿನ ಲ್ಯಾನ್ ಕಿಂಡಿಯಿಂದ ಹಳೆಯದರ ಲ್ಯಾನ್ ಕಿಂಡಿಗೆ ಕೇಬಲನ್ನು ಜೋಡಿಸಬೇಕು. ಹಳೆಯದರಲ್ಲಿ ‘ವ್ಯಾನ್’ ಎಂದು ಬರೆದ ಕಿಂಡಿಯಿದ್ದರೆ ಅದನ್ನು ಖಾಲಿ ಬಿಡಬೇಕು. ಎರಡು ಪೆಟ್ಟಿಗೆಗಳ ನಡುವೆ ಒಂದೇ ತಂತಿಯಿರಬೇಕು. ವೇಗ ಹೆಚ್ಚಲೆಂದು ಎರಡನೆಯದನ್ನು ಹಾಕಿದರೆ ಸಂದೇಶಗಳು ಸುತ್ತಿನಲ್ಲಿಯೇ ತಿರುಗುತ್ತ ಇಡೀ ಜಾಲವು ಸ್ತಬ್ಧವಾಗುವುದು.

ಕೆಲವು ಪೆಟ್ಟಿಗೆಗಳಲ್ಲಿ ‘ಆಕ್ಸೆಸ್ ಪಾಯಿಂಟ್’ ಎಂಬ ಆಯ್ಕೆಯೇ ಇರುತ್ತದೆ. ಅದನ್ನು ಆರಿಸಿದರೆ ಡಿಎಚ್‌ಸಿಪಿಯನ್ನು ನಿಲ್ಲಿಸುವ ಕೆಲಸವು ತಾನಾಗಿಯೇ ಆಗುವುದು. ಆಗ ತಂತಿಯನ್ನು ಯಾವ ಕಿಂಡಿಗೆ ಹಾಕಬೇಕೆಂಬುದನ್ನು ಅದರ ಕೈಪಿಡಿಯಂತೆ ನಡೆಸಬೇಕು.

ಪರೀಕ್ಷೆ

ಜೋಡಣೆಯಾದ ಮೇಲೆ ಗೋದಾಮಿನಲ್ಲಿ ನಿಂತು ಫೋನಿನ ವೈಫೈಯನ್ನು ಒಮ್ಮೆ ಆರಿಸಿ ಮತ್ತೆ ಹೊತ್ತಿಸಬೇಕು. ಏಕೆಂದರೆ ಫೋನುಗಳು ದೂರದ ದುರ್ಬಲ ಸಂಕೇತವನ್ನೇ ಬಹಳ ಹೊತ್ತು ಬಿಡದೆ ಹಿಡಿದಿರುವುದುಂಟು. ಬಳಿಕ ಮಾರುಕಟ್ಟೆಯ ಧಾರಣೆಯ ಪುಟವೊಂದನ್ನು ತೆರೆದು ನೋಡಬೇಕು. ಹಳೆಯ ಪೆಟ್ಟಿಗೆಯ ಲ್ಯಾನ್ ಕಿಂಡಿಯು ಸಾಮಾನ್ಯವಾಗಿ ಸೆಕೆಂಡಿಗೆ 100 ಮೆಗಾಬಿಟ್‌ಗಿಂತ ಹೆಚ್ಚಾಗಿ ಒಯ್ಯಲಾರದು. ಅದರ ರೇಡಿಯೋ ಇನ್ನೂ ಕಡಿಮೆ ಒಯ್ಯಬಹುದು. ಆದರೆ ಸ್ಪಷ್ಟವಾದ ಚಲಚ್ಚಿತ್ರಕ್ಕೇ ಸುಮಾರು 5 ಮೆಗಾಬಿಟ್ ಸಾಕಾಗುವುದರಿಂದ, ಧಾರಣೆ, ಹವಾಮಾನ, ಪಹಣಿ, ಮಕ್ಕಳ ಪಾಠ ಇವುಗಳಿಗೆ ಕೊರತೆಯಾಗದು.

ವಿದ್ಯುತ್ತಿನ ವೆಚ್ಚವನ್ನೂ ಲೆಕ್ಕ ಹಾಕಬಹುದು. ಪೆಟ್ಟಿಗೆಯು 6 ವ್ಯಾಟ್ ಎಳೆಯುವುದಾದರೆ ದಿನಕ್ಕೆ 144 ವ್ಯಾಟ್-ಗಂಟೆ. 30 ದಿನಗಳಿಗೆ 4.32 ಯೂನಿಟ್ ಆಗುವುದು. ಗೋದಾಮಿನಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಅದನ್ನು ಆರಿಸಿಡುವುದು ಮೇಲು.

ಎಚ್ಚರಿಕೆಗಳು

ಸಿಡಿಲು: ಏಪ್ರಿಲ್ ಮೇ ತಿಂಗಳುಗಳ ಗುಡುಗುಮಳೆಯಲ್ಲಿ ಈ ಪೆಟ್ಟಿಗೆಗಳು ಕೆಡುವುದುಂಟು. ಮನೆಯಿಂದ ಗೋದಾಮಿಗೆ ಬಯಲಿನಲ್ಲಿ ತಾಮ್ರದ ಕೇಬಲನ್ನು ಕಂಬದಿಂದ ಕಂಬಕ್ಕೆ ಕಟ್ಟುವುದು ಅಪಾಯಕರ. ಪೈಪಿನೊಳಗೆ ನೆಲದಲ್ಲಿ ಹೂಳಿದರೆ ಅಪಾಯವು ಕಡಿಮೆಯಾಗುವುದಾದರೂ ಪೂರ್ಣವಾಗಿ ಹೋಗದು. ಗುಡುಗು ಕೇಳಿಸುವ ಮುನ್ನವೇ ಪ್ಲಗ್ಗನ್ನೂ ಕೇಬಲನ್ನೂ ಎರಡೂ ಕಡೆ ತೆಗೆದಿಡಬೇಕು. ಎರಡು ಕಟ್ಟಡಗಳು ದೂರವಿದ್ದರೆ, ವಿದ್ಯುತ್ತನ್ನು ಹರಿಯಗೊಡದ ಗಾಜಿನ ಎಳೆಯ ಕೇಬಲನ್ನೇ ತಿಳಿದವರಿಂದ ಹಾಕಿಸುವುದು ಕ್ಷೇಮ.

ಪಂಪ್‌ಸೆಟ್ಟಿನ ತಂತಿ: ನೆಟ್‌ವರ್ಕ್ ಕೇಬಲನ್ನು ಮೋಟಾರಿನ ವಿದ್ಯುತ್ ತಂತಿಯೊಡನೆ ಒಂದೇ ಪೈಪಿನಲ್ಲಿ ಎಂದಿಗೂ ಹಾಕಕೂಡದು. ಅದರಿಂದ ಸಂಪರ್ಕವು ಕೆಡುವುದಲ್ಲದೆ, ಹೊದಿಕೆಯು ಸವೆದಲ್ಲಿ ಪ್ರಾಣಾಪಾಯವೂ ಉಂಟು.

ಧೂಳು: ಭತ್ತದ ಹೊಟ್ಟು ಮತ್ತು ಸುಂಕು ಪೆಟ್ಟಿಗೆಯ ಗಾಳಿಕಿಂಡಿಗಳನ್ನು ಮುಚ್ಚಿ ಅದು ಬಿಸಿಯೇರುವಂತೆ ಮಾಡುವುವು. ಹದಿನೈದು ದಿನಗಳಿಗೊಮ್ಮೆ ಆರಿಸಿ, ಒಣ ಕುಂಚದಿಂದ ಧೂಳು ತೆಗೆಯಬೇಕು. ಧೂಳಿಗೆ ಹೆದರಿ ಕಬ್ಬಿಣದ ಡಬ್ಬಿಯೊಳಗೆ ಮುಚ್ಚಿಟ್ಟರೆ ಸಂಕೇತವು ಹೊರಗೆ ಬಾರದು.

ರಕ್ಷಣೆ: ಬಹಳ ಹಳೆಯ ಪೆಟ್ಟಿಗೆಗಳಲ್ಲಿ ‘ಡಬ್ಲ್ಯುಇಪಿ’ ಎಂಬ ಹಿಂದಿನ ಕಾಲದ ಬೀಗವೊಂದೇ ಇರುವುದುಂಟು. ಅದನ್ನು ಮುರಿಯುವುದು ಕೆಲವೇ ನಿಮಿಷಗಳ ಕೆಲಸ. ಬ್ಯಾಂಕಿನ ವ್ಯವಹಾರವೂ ಆಧಾರದ ವಿವರವೂ ಹಾಯುವ ಜಾಲಕ್ಕೆ ಅಂಥದನ್ನು ಸೇರಿಸುವುದು ಕಣಜಕ್ಕೆ ಹಿಂಬಾಗಿಲು ತೆರೆದಿಟ್ಟಂತೆ. ಮುಂಬಾಗಿಲಿಗೆ ಎಷ್ಟು ಭದ್ರವಾದ ಬೀಗವಿದ್ದರೇನು? ಡಬ್ಲ್ಯುಪಿಎ2 ಇಲ್ಲದ ಪೆಟ್ಟಿಗೆಯ ನಿಸ್ತಂತು ಭಾಗವನ್ನು ನಿಲ್ಲಿಸಿ, ತಂತಿಯ ಕಿಂಡಿಗಳನ್ನು ಹೆಚ್ಚಿಸಿಕೊಳ್ಳುವುದಕ್ಕೆ ಮಾತ್ರ ಬಳಸಬಹುದು. ‘ಡಬ್ಲ್ಯುಪಿಎಸ್’ ಎಂಬ ಗುಂಡಿಯ ಅನುಕೂಲವನ್ನೂ ನಿಲ್ಲಿಸಿಡುವುದು ಲೇಸು. ತಯಾರಕರು ಹೊಸ ತಂತ್ರಾಂಶವನ್ನು ಕೊಟ್ಟಿದ್ದರೆ ಅದನ್ನು ಹಾಕಿಕೊಳ್ಳಬೇಕು. ‘ಓಪನ್‌ಡಬ್ಲ್ಯುಆರ್‌ಟಿ’ ಎಂಬ ಉಚಿತ ತಂತ್ರಾಂಶವು ಹಲವು ಹಳೆಯ ಮಾದರಿಗಳಿಗೆ ಹೊಂದುವುದು. ಆದರೆ ಮಾದರಿಯ ಸಂಖ್ಯೆಯು ಸರಿಯಾಗಿ ಹೊಂದದೆ ಅದನ್ನು ಹಾಕಿದಲ್ಲಿ ಪೆಟ್ಟಿಗೆಯು ಮತ್ತೆ ಏಳದೆ ಹೋಗಬಹುದು.

ಇದರ ಮಿತಿ

ಈ ವಿಧಾನವು ಮನೆ, ಹಿತ್ತಲು, ಕೊಟ್ಟಿಗೆ, ಗೋದಾಮುಗಳಿಗೆ ತಕ್ಕದ್ದು. ಊರಿನಿಂದ ಒಂದೆರಡು ಮೈಲಿ ದೂರದ ಗದ್ದೆಗೆ ಇದರಿಂದ ಸಂಪರ್ಕ ಹೋಗದು. ಮನೆಗೆ ಬರುವ ಸಂಪರ್ಕವೇ ಮಂದವಾಗಿದ್ದರೆ ಅದನ್ನು ಇದು ಹೆಚ್ಚಿಸಲಾರದು. ಇರುವುದನ್ನು ಕೊನೆಯಂಚಿಗೆ ಮುಟ್ಟಿಸುವುದಷ್ಟೇ ಇದರ ಕೆಲಸ.

ಪೆಟ್ಟಿಗೆಯು ನಿಜವಾಗಿಯೂ ಕೆಟ್ಟಿದ್ದರೆ ಅದನ್ನು ಕಸದೊಡನೆ ಸುಡುವುದಾಗಲಿ, ತಿಪ್ಪೆಗೆಸೆಯುವುದಾಗಲಿ ಕೂಡದು. ಹಳೆಯ ಪೆಟ್ಟಿಗೆಗಳ ಬೆಸುಗೆಯಲ್ಲಿ ಸೀಸವಿರಬಹುದು. ತಿಪ್ಪೆಯ ಗೊಬ್ಬರವು ಗದ್ದೆಗೆ ಹೋಗುವುದೆಂಬುದನ್ನು ನೆನೆಯಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯದ ನಿಯಮಗಳಂತೆ ಇಂಥ ವಸ್ತುಗಳು ನೋಂದಾಯಿತ ಸಂಸ್ಕರಣೆಗಾರರಿಗೆ ಸೇರತಕ್ಕವು.

ಆದುದರಿಂದ ಹಳೆಯ ರೂಟರನ್ನು ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ ರೈತಬಾಂಧವರು ಒಂದು ಸಂಜೆಯನ್ನು ಈ ಪ್ರಯತ್ನಕ್ಕೆ ಕೊಟ್ಟು ನೋಡಲಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳೋ ಮಗನೋ ಇದ್ದರೆ ಮೇಲಿನ ಆರು ಕೆಲಸಗಳನ್ನು ಅವರಿಂದಲೇ ಮಾಡಿಸಬಹುದು. ಕೆಲಸ ಮುಗಿದ ಮೇಲೆ ಪೆಟ್ಟಿಗೆಯ ಹೊಸ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಅದರ ತಳಕ್ಕೆ ಅಂಟಿಸಲು ಮರೆಯಬಾರದು. ಮುಂದಿನ ಸುಗ್ಗಿಯಲ್ಲಿ ಅದನ್ನು ಮತ್ತೆ ತೆರೆಯಬೇಕಾದಾಗ ಆ ಚೀಟಿಯೇ ಕೆಲಸಕ್ಕೆ ಬರುವುದು.